‘ಬೇಡವಾದ ಆಟಿಕೆ’ ಅಂತ ಬರೆದವನು ನಾನೇ

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಆಟಿಕೆ ಎರವಲು ಕೊಡುವ ನಮ್ಮೂರಿನ ಆಟಿಕೆ ಲೈಬ್ರರಿಗೆ ನಾನು ಪೂರ್ತಿ ಹೊರಗಿನವನಲ್ಲ. ಶಿರಸಿಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಯಕ್ಷಗಾನದ ಪಾಂಪ್ಲೆಟು, ಗೃಹಪ್ರವೇಶದ ಬ್ಯಾನರು, ಏನು ಬಂದರೂ ಮಾಡುತ್ತೇನೆ. ಲೈಬ್ರರಿಯವರ ಮೊದಲ ಪಾಂಪ್ಲೆಟ್ಟು, ಮೊದಲ ಚೀಲ ಎರಡೂ ನನ್ನ ಅಂಗಡಿಯಲ್ಲೇ ಆದವು. ಎರಡೂ ಕೆಟ್ಟವು. ಈಗ ಅಲ್ಲಿರುವ ಬೋರ್ಡು, ಚೀಲ, ಬಿಲ್ಲೆ ಯಾವುದೂ ನನ್ನ ಕೈಯಿಂದ ಆದದ್ದಲ್ಲ. ಎಲ್ಲವೂ ಚೆನ್ನಾಗಿವೆ. ಬರೆಯುವವನಿಗೆ ಸ್ವಲ್ಪ ಹೊಟ್ಟೆಕಿಚ್ಚಿದೆ ಅಂತ ತಿಳಿದುಕೊಂಡೇ ಮುಂದೆ ಓದಿ.

ಜಾಗ ಮರಾಠಿಕೊಪ್ಪದ ಕಡೆ. ಹಂಚಿನ ಮನೆಯೊಂದರ ಜಗಲಿ, ಪಕ್ಕದಲ್ಲಿ ಒಂದು ಕೋಣೆ. ನಡೆಸುವವರು ರಿಟೈರ್ ಆದ ಅಕ್ಕೋರೊಬ್ಬರು (ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತೇವೆ). ಜೊತೆಗೆ ಹತ್ತು ಹನ್ನೆರಡು ಮನೆಯವರು ಕೈಜೋಡಿಸಿದ್ದಾರೆ. ‘ನನ್ನ ಹೆಸರು ಎಲ್ಲೂ ಹಾಕಬೇಡ ತಮಾ’ ಅಂದಿದ್ದಾರೆ, ಹಾಗಾಗಿ ಅಕ್ಕೋರು ಅಂತಲೇ ಬರೆಯುತ್ತೇನೆ. ಶನಿವಾರ ಸಂಜೆ 4ರಿಂದ 6, ಭಾನುವಾರ ಬೆಳಿಗ್ಗೆ 10ರಿಂದ 12. ವರ್ಷಕ್ಕೆ 300 ರೂಪಾಯಿ, ವಾಪಸ್ ಸಿಗುವ ಠೇವಣಿ 500. ಒಂದು ಸಲಕ್ಕೆ ಎರಡು ಆಟಿಕೆ, ಹದಿನೈದು ದಿನ.

ನಾವು ಮೆಂಬರ್ ಆಗಿದ್ದು ಜಾತ್ರೆಯ ದೆಸೆಯಿಂದ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿ ಬೈಲಿನಲ್ಲಿ ಅಮ್ಮನ ಗದ್ದುಗೆ, ಸುತ್ತ ಅಂಗಡಿ ಸಾಲು. ಮಕ್ಕಳನ್ನು ಕರೆದುಕೊಂಡು ಹೋದವರು ಬರಿಗೈಲಿ ವಾಪಸ್ ಬಂದ ಇತಿಹಾಸವಿಲ್ಲ. 2024ರ ಮಾರ್ಚ್ ಜಾತ್ರೆಯಲ್ಲಿ ಮಗಳಿಗೆ ಲೈಟ್ ಹತ್ತುವ ಹೆಲಿಕಾಪ್ಟರ್, ಡೊಳ್ಳು ಬಡಿಯುವ ಕರಡಿ, ಅಡುಗೆ ಸೆಟ್ಟು, ಇನ್ನೂ ಏನೇನೋ ಆಯಿತು. ಜಾತ್ರೆಗೂ ಯುಗಾದಿಗೂ ನಡುವೆ ಎಷ್ಟು ದಿನ? ಅಷ್ಟರೊಳಗೆ ಕರಡಿಯ ಕೈ ಬಿತ್ತು, ಹೆಲಿಕಾಪ್ಟರಿನ ರೆಕ್ಕೆ ಸೋಫಾದ ಅಡಿ ಸೇರಿತು. ಯುಗಾದಿಗೆ ಮನೆ ಗುಡಿಸಿದ ನನ್ನ ಹೆಂಡತಿ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ನನ್ನ ಮುಂದಿಟ್ಟಳು. ‘ಇದು ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿ ನೋಡಿ’ ಅಂದಳು. ನಾನು ಹಾಕಲಿಲ್ಲ. ಕೆಲವು ಲೆಕ್ಕ ಹಾಕದಿದ್ದರೇ ಒಳ್ಳೆಯದು.

ಅದೇ ಮಳೆಗಾಲಕ್ಕೆ ಸ್ವಲ್ಪ ಮೊದಲು ಅಕ್ಕೋರು ಪಾಂಪ್ಲೆಟ್ ಮಾಡಿಸಲು ಅಂಗಡಿಗೆ ಬಂದಿದ್ದರು. ಒಂದು ಹಾಳೆಯ ಎರಡೂ ಕಡೆ ಕೈಬರಹ. 1935ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಜನರಿಗೆ ಕೆಲಸವೇ ಇಲ್ಲದಿದ್ದ ಕಾಲದಲ್ಲಿ, ಅಂಗಡಿಯೊಂದರಿಂದ ಮಕ್ಕಳು ಆಟಿಕೆ ಕದಿಯುತ್ತಿದ್ದರಂತೆ. ವಿಚಾರಿಸಿದರೆ ಆ ಮಕ್ಕಳ ಮನೆಯಲ್ಲಿ ಆಡಲು ಏನೂ ಇರಲಿಲ್ಲ. ಅದರಿಂದಲೇ ಆಟಿಕೆ ಎರವಲು ಕೊಡುವ ವ್ಯವಸ್ಥೆ ಶುರುವಾಯಿತು. ಆಮೇಲೆ 1963ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಅಂಗವಿಕಲ ಮಕ್ಕಳಿಗಾಗಿ ಇಂಥದ್ದೇ ಒಂದು. ‘ಕದ್ದ ಮಕ್ಕಳಿಗೆ ಬೆತ್ತ ತೋರಿಸದೆ ಆಟಿಕೆ ಕೊಟ್ಟರು ನೋಡು’ ಅಂತ ಅಕ್ಕೋರು ನನಗೆ ಕೂತು ಹೇಳಿದ್ದು ಚೆನ್ನಾಗಿತ್ತು. ನಾನು ಅದನ್ನು 11 ಪಾಯಿಂಟಿನ ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಕೂರಿಸಿದ್ದು ಚೆನ್ನಾಗಿರಲಿಲ್ಲ. ಯಾರೂ ಓದಲಿಲ್ಲ.

ಓದಿದ್ದು ದಪ್ಪಕ್ಷರದ ಒಂದೇ ಸಾಲು. ಅದನ್ನು ಬರೆದವನು ನಾನು: ‘ನಿಮಗೆ ಬೇಡವಾದ ಆಟಿಕೆಗಳನ್ನು ನಮಗೆ ಕೊಡಿ.’

ಜನ ಕೊಟ್ಟರು. ತಲೆಯಿಲ್ಲದ ಗೊಂಬೆ, ಗಾಲಿಯಿಲ್ಲದ ಕಾರು, ಬ್ಯಾಟರಿ ಸೋರಿ ಹಸಿರುಗಟ್ಟಿದ ರಿಮೋಟು. ಒಬ್ಬರು ಹಳೆಯ ಹಲ್ಲುಜ್ಜುವ ಬ್ರಶ್ ಸಮೇತ ಕವರ್ ಕಟ್ಟಿ ಜಗಲಿಯಲ್ಲಿಟ್ಟು ಹೋಗಿದ್ದರು. ಜನರದ್ದೇನೂ ತಪ್ಪಿಲ್ಲ. ಬೇಡವಾದದ್ದು ಕೊಡಿ ಅಂದಿದ್ದೆವು, ಬೇಡವಾದದ್ದನ್ನೇ ಕೊಟ್ಟರು. ಅದಕ್ಕಿಂತ ಕಷ್ಟದ ಇನ್ನೊಂದು ವಿಷಯ: ಅಂಥ ಸಾಮಾನು ಇರುವ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ‘ಯಾರೋ ಬಿಟ್ಟದ್ದು ನಮ್ಮ ಮಗುವಿಗೆ ಯಾಕೆ?’ ಅಂತ ನನ್ನ ಅತ್ತೆಯೇ ಕೇಳಿದರು.

ಎರಡನೇ ಪಾಂಪ್ಲೆಟ್ಟಿನ ಸಾಲು ಅಕ್ಕೋರದ್ದು. ‘ನಿಮ್ಮ ಮಗು ಇಷ್ಟಪಟ್ಟು ಆಡಿದ ಆಟಿಕೆ ಇನ್ನೊಂದು ಮಗುವಿಗೂ ಸಿಗಲಿ.’ ಅಷ್ಟೇ. ಅಮೆರಿಕ ಇಲ್ಲ, ಸ್ವೀಡನ್ ಇಲ್ಲ, ಪರಿಸರ ಅನ್ನುವ ಶಬ್ದವೂ ಇಲ್ಲ. ಈ ಸಲ ತೊಳೆದ ಆಟಿಕೆಗಳು ಬಂದವು. ಡಬ್ಬಿ ಸಮೇತ ಬಂದವು. ಇಷ್ಟಪಟ್ಟು ಆಡಿದ್ದನ್ನು ಹರಕು ಮಾಡಿ ಕೊಡಲು ಯಾರಿಗಾದರೂ ನಾಚಿಕೆ ಆಗುತ್ತದೆ, ಅಲ್ವಾ? ನಾನು ಹದಿನಾಲ್ಕು ವರ್ಷದಿಂದ ಊರವರ ಜಾಹೀರಾತು ಬರೆದುಕೊಡುತ್ತಿದ್ದೇನೆ. ಒಂದು ಶಬ್ದ ಇಷ್ಟು ಕೆಲಸ ಮಾಡಿದ್ದು, ಕೆಡಿಸಿದ್ದು ಎರಡನ್ನೂ ಕಣ್ಣಾರೆ ನೋಡಿದ್ದು ಅದೇ ಮೊದಲು.

ಇನ್ನು ಚೀಲದ ಕಥೆ. ಅದು ಪಾಂಪ್ಲೆಟ್ಟಿಗಿಂತ ಅವಮಾನದ್ದು. ನೂರು ಚೀಲ ಬೇಕು ಅಂದರು. ನಾನು ಎಲೆಹಸಿರು ಬಣ್ಣದ ನಾನ್‌ವೋವನ್ ಚೀಲ ತರಿಸಿ, ಮೇಲೊಂದು ಎಲೆ ಬರೆದು, ಸ್ಕ್ರೀನ್ ಪ್ರಿಂಟ್ ಮಾಡಿ ಕೊಟ್ಟೆ. ಅಕ್ಕೋರು ಒಂದನ್ನು ತಿರುವಿ ನೋಡಿದರು.

‘ಇದು ಬಟ್ಟೆಯೇನೋ ತಮಾ?’

‘ಬಟ್ಟೆ ತರಹದ್ದೇ ಅಕ್ಕೋರೆ.’

‘ತರಹದ್ದು ಅಂದ್ರೆ?’

ಚೀಲದ ಮೂಲೆಯಿಂದ ಒಂದು ಚೂರು ಕತ್ತರಿಸಿದರು. ದೇವರ ಫೋಟೋದ ಹತ್ತಿರವಿದ್ದ ಕಡ್ಡಿಪೆಟ್ಟಿಗೆ ತೆಗೆದು ಗೀರಿದರು. ಹತ್ತಿ ಬಟ್ಟೆ ಸುಟ್ಟರೆ ಬೂದಿ ಆಗಬೇಕು. ಇದು ಕುಗ್ಗಿ, ಮುದ್ದೆಯಾಗಿ, ಕೌಂಟರಿನ ಮೇಲೆ ತೊಟ್ಟಿಕ್ಕಿತು. ಆ ಹಸಿರು ಕಲೆ ಇವತ್ತಿಗೂ ನನ್ನ ಕೌಂಟರಿನ ಮೇಲಿದೆ. ನಾನ್‌ವೋವನ್ ಅಂದರೆ ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್ಕು. ನನಗೆ ಗೊತ್ತಿರಲಿಲ್ಲ ಅಂತಲ್ಲ. ಗಿರಾಕಿ ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗಿನ ಚೀಲ ಹಳೆ ಸೀರೆ, ಪಂಚೆಯದ್ದು. ಇಬ್ಬರು ಟೇಲರ್ ಹೆಂಗಸರು ಹೊಲಿಯುತ್ತಾರೆ. ಒಂದರ ಹಾಗೆ ಇನ್ನೊಂದಿಲ್ಲ. ಆದರೆ ಎಲ್ಲದರ ಮೇಲೂ ಒಂದೇ ಗುರುತು, ಕೆಂಪು ದಾರದಲ್ಲಿ ಕಸೂತಿ ಹಾಕಿದ ಬುಗುರಿ. ಲೋಗೋ ಚೆನ್ನಾಗಿದೆಯಾ ಅಂತ ನೋಡಲು ನನ್ನದೊಂದು ಪರೀಕ್ಷೆ ಇದೆ. ರಬ್ಬರ್ ಸ್ಟಾಂಪಿನಲ್ಲಿ ಅರ್ಧ ಇಂಚಿಗೆ ಇಳಿಸಿದರೂ ಏನು ಅಂತ ಗೊತ್ತಾಗಬೇಕು. ಈ ಬುಗುರಿ ಪಾಸ್. ಅದಕ್ಕಿಂತ ದೊಡ್ಡ ಪರೀಕ್ಷೆಯಲ್ಲೂ ಪಾಸ್, ನನ್ನ ಮಗಳು ಅದನ್ನು ಮೂರು ಗೆರೆಯಲ್ಲಿ ಗೋಡೆ ಮೇಲೆ ಬರೆಯುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಯಾರ ಕೈಯಲ್ಲಾದರೂ ಬುಗುರಿ ಚೀಲ ಕಂಡರೆ ‘ಏನು ತಗೊಂಡ್ರಿ ಈ ಸಲ?’ ಅಂತ ಕೇಳುವ ಅಭ್ಯಾಸ ಆಗಿದೆ. ಇಂಥ ಜಾಹೀರಾತಿಗೆ ನಾನು ಎಷ್ಟು ಚಾರ್ಜ್ ಮಾಡಬಹುದಿತ್ತು ಅಂತ ಆಗಾಗ ಯೋಚಿಸುತ್ತೇನೆ.

ಬೋರ್ಡಿಗೂ ನಾನೇ ಕೊಟೇಶನ್ ಕೊಟ್ಟಿದ್ದೆ. ಆರು ಅಡಿ, ಮೂರು ಅಡಿ, ಐಲೆಟ್ ಹಾಕಿದ ಫ್ಲೆಕ್ಸು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲೇ ನಿಷೇಧ ಆಗಿದೆ. ಅದು ನನಗೂ ಗೊತ್ತು, ನಿಮಗೂ ಗೊತ್ತು, ಸರ್ಕಲ್ಲಿನಲ್ಲಿ ನೇತಾಡುವ ಬ್ಯಾನರುಗಳಿಗೂ ಗೊತ್ತು. ಅಕ್ಕೋರು ನಕ್ಕು ಬಿಟ್ಟರು. ಅಷ್ಟರಲ್ಲಿ ಯಾರೋ ಉತ್ಸಾಹಿ ಹುಡುಗರು ಇಂಗ್ಲಿಷಿನಲ್ಲಿ ದೊಡ್ಡದೊಂದು ಹೆಸರು, ಪಕ್ಕದಲ್ಲಿ ನನ್ನದೇ ಹಸಿರೆಲೆ ಹಾಕಿದ ತಾತ್ಕಾಲಿಕ ಬೋರ್ಡ್ ತೂಗಿಸಿದ್ದರು. ಎಲೆ ನೋಡಿ ನರ್ಸರಿ ಅಂದುಕೊಂಡು ಇಬ್ಬರು ಅಡಿಕೆ ಸಸಿ ಕೇಳಿಕೊಂಡು ಬಂದರಂತೆ.

ಈಗಿರುವುದು ಹಳೆ ಬಾಗಿಲಿನ ಹಲಸಿನ ಹಲಗೆ. ಹಿಂದೆ ಲಾರಿಗಳ ಮೇಲೆ ಬರೆಯುತ್ತಿದ್ದ ಪೇಂಟರೊಬ್ಬರು ಎನಾಮಲ್ಲಿನಲ್ಲಿ ಬರೆದಿದ್ದಾರೆ. ಮೇಲೆ ‘ಆಟಿಕೆ ಲೈಬ್ರರಿ’, ಕೆಳಗೆ ‘ಆಡಿ. ತಂದು ಕೊಡಿ.’ ‘ಆ’ ಅಕ್ಷರದ ಬಾಲವನ್ನು ಎಳೆದು ಬುಗುರಿಯ ಚಾಟಿ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ನನ್ನ ಹತ್ತಿರ ಎಷ್ಟೋ ಕನ್ನಡ ಫಾಂಟುಗಳಿವೆ. ಆ ಬಾಲ ಯಾವುದರಲ್ಲೂ ಇಲ್ಲ.

ಹೀಗಂತ ಅವರದ್ದು ಎಲ್ಲವೂ ಸರಿ ಅಂತಲ್ಲ. ಆಟಿಕೆಗೆ ನಂಬರ್ ಕಟ್ಟಲು ಮೊದಲು ಅಡಿಕೆ ಹಾಳೆಯ ಬಿಲ್ಲೆ ಮಾಡಿದ್ದರು. ದುಂಡಗೆ ಕತ್ತರಿಸಿ, ತೂತು ಮಾಡಿ, ದಾರ ಪೋಣಿಸಿ. ಫೋಟೋದಲ್ಲಿ ಬಹಳ ಚಂದ. ಬೆಂಗಳೂರಿನಿಂದ ಬಂದವರೆಲ್ಲ ಅದರದ್ದೇ ಫೋಟೋ ತೆಗೆದದ್ದು. ಜುಲೈ ಬಂತು. ಶಿರಸಿಯ ಜುಲೈ ಹೇಗೆ ಅಂತ ಗೊತ್ತಲ್ಲ, ಗೋಡೆಗೆ ತಾಗಿಸಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಹಾಳೆ ಬಿಲ್ಲೆ ಮುರುಟಿತು, ಬಿಳಿ ಬೂಷ್ಟು ಹಿಡಿಯಿತು, ನಂಬರ್ ಅಳಿಸಿತು. ಅದನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳ ಕೈಗೆ ಹೇಗೆ ಕೊಡುವುದು? ಹಸಿರಾಗಿ ಕಾಣುವುದು ಬೇರೆ, ಬಾಳಿಕೆ ಬರುವುದು ಬೇರೆ. ನನ್ನ ನಾನ್‌ವೋವನ್ ಚೀಲಕ್ಕೆ ಬೈದವರಿಗೆ ನಾನೂ ಒಂದು ಮಾತು ಅಂದೆ. ಸ್ವಲ್ಪ ಸಮಾಧಾನವಾಯಿತು.

ಈಗಿನ ಬಿಲ್ಲೆ ಸ್ಟೀಲಿನದ್ದು, ಎಂಟಾಣೆ ಅಗಲ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವ ಮೆಷಿನ್ ಇರುತ್ತದಲ್ಲ, ‘ಟರ್‍ರ್’ ಅಂತ ಸದ್ದು ಮಾಡುವುದು, ಅದರಲ್ಲೇ ಕೊರೆಸಿದ್ದಾರೆ. ಒಂದು ಬುಗುರಿ, ಒಂದು ನಂಬರ್. ಮೊದಲ ಸಲ ಅದನ್ನು ಬೆರಳಲ್ಲಿ ಸವರಿದಾಗ ನನಗೆ ಅಜ್ಜನ ಮನೆಯ ಕೊಪ್ಪರಿಗೆ ನೆನಪಾಯಿತು.

ಅಜ್ಜನ ಮನೆ ಸಿದ್ದಾಪುರದ ಕಡೆ. ಊರಲ್ಲಿ ಯಾರ ಮನೆಯಲ್ಲಿ ಮದುವೆ, ತಿಥಿ ಇದ್ದರೂ ದೊಡ್ಡ ಪಾತ್ರೆ ಬರುತ್ತಿದ್ದುದು ದೇವಸ್ಥಾನದಿಂದ. ಕೊಪ್ಪರಿಗೆ, ಹಂಡೆ, ಬೋಗುಣಿ, ಮಾರುದ್ದದ ಸೌಟು. ಪ್ರತಿಯೊಂದರ ಅಂಚಿನಲ್ಲೂ ದೇವರ ಹೆಸರು ಕೊರೆದಿರುತ್ತಿತ್ತು. ಕಾರ್ಯ ಮುಗಿದ ಮೇಲೆ ಹುಣಸೆಹಣ್ಣು ಹಾಕಿ ಬೆಳಗಿ, ಎಣಿಸಿ ಒಪ್ಪಿಸಬೇಕು. ಒಂದು ಸೌಟು ಕಡಿಮೆ ಬಂದರೆ ಮುಂದಿನ ಮದುವೆವರೆಗೂ ಮಾತು ಮುಗಿಯುತ್ತಿರಲಿಲ್ಲ. ಆ ಪಾತ್ರೆಯನ್ನು ಯಾರೂ ಹಳೆ ಪಾತ್ರೆ ಅನ್ನಲಿಲ್ಲ. ಬಡವರಿಗೆ ಅಂತಲೂ ಅನ್ನಲಿಲ್ಲ. ಅದು ಊರಿನ ಪಾತ್ರೆ. ಹಂಚಿಕೊಳ್ಳುವುದನ್ನು ನಮ್ಮ ಕಡೆ ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಚಿನಲ್ಲಿ ಒಂದು ಹೆಸರು ಕೊರೆದು ಕೊಟ್ಟರೆ ಸಾಕು. ಬ್ರ್ಯಾಂಡಿಂಗ್ ಅಂತ ನಾವು ಅಂಗಡಿಯವರು ಏನೇನೋ ಮಾಡುತ್ತೇವೆ, ಅವರಿಗೆ ಅದು ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ನನ್ನ ಅತ್ತೆಯ ತಕರಾರೂ ಆ ಬಿಲ್ಲೆ ನೋಡಿದ ಮೇಲೆ ನಿಂತಿತು. ‘ಲೆಕ್ಕ ಇಟ್ಟಿದ್ದಾರೆ, ಹಾಗಾದ್ರೆ ಸರಿ’ ಅಂದರು.

ಆಟಿಕೆಗಳ ಬಗ್ಗೆಯೂ ಹೇಳಬೇಕು. ಗುಣಮಟ್ಟ ಚೆನ್ನಾಗಿದೆ. 2021ರ ಜನವರಿ 1ರಿಂದ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಇವರು ಅದನ್ನು ನೋಡಿಯೇ ತೆಗೆದುಕೊಳ್ಳುತ್ತಾರೆ. ಚನ್ನಪಟ್ಟಣದಂಥ, ಜಿಐ ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಪಡೆದ ಕರಕುಶಲ ಆಟಿಕೆಗಳಿಗೆ ಆ ಆದೇಶದಿಂದ ವಿನಾಯಿತಿ ಇದೆ. ಹಾಗಾಗಿ ಆಲೆ ಮರದ ಚನ್ನಪಟ್ಟಣದ ಆಟಿಕೆಗಳಿಗೇ ಒಂದು ಕಪಾಟು. ಅವನ್ನು ನೀರಲ್ಲಿ ಅದ್ದಬಾರದು, ಒದ್ದೆ ಬಟ್ಟೆ ಹಿಂಡಿ ಒರೆಸಬೇಕು ಅಂತ ಕಪಾಟಿನ ಮೇಲೇ ಬರೆದಿದೆ. ಬ್ಯಾಟರಿ ಆಟಿಕೆ ತೆಗೆದುಕೊಳ್ಳುವುದಿಲ್ಲ. ಬಟ್ಟೆ ಗೊಂಬೆಯೂ ಇಲ್ಲ, ಮಳೆಗಾಲದಲ್ಲಿ ಒಣಗಿಸುವುದು ಯಾರು? ನಮ್ಮ ಮನೆಯ ಸಾಕ್ಸೇ ಒಣಗುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಏನೂ ಸಾಲದು, ಒಂದು ಗಿಲಕಿ, ಎರಡು ಬಳೆಗೋಪುರ, ಅಷ್ಟೇ.

ದೂರುಗಳಿವೆ. ಸಮಯ ಬಹಳ ಕಡಿಮೆ. ಶನಿವಾರ ಸಂಜೆ ಅಂಗಡಿ ಬಿಟ್ಟು ಹೋಗುವುದು ನನ್ನಂಥವರಿಗೆ ಕಷ್ಟ. ಕಪಾಟಿನ ಮೇಲೆ ಯಾವ ವಯಸ್ಸಿಗೆ ಅಂತ ಬರೆದ ಚೀಟಿ ಎಷ್ಟು ಚಿಕ್ಕದೆಂದರೆ ಅಜ್ಜಂದಿರು ಮೊಬೈಲಿನ ಟಾರ್ಚು ಹಾಕಿ ಓದುತ್ತಾರೆ. ಇತ್ತೀಚೆಗೆ ಆಟಿಕೆ ಕೊಟ್ಟವರ ಹೆಸರಿನ ಪಟ್ಟಿ ಗೋಡೆಗೆ ಬಂದಿದೆ. ಅದು ನನಗೆ ಇಷ್ಟವಾಗಲಿಲ್ಲ. ಸಭಾಭವನದ ಫ್ಯಾನಿನ ರೆಕ್ಕೆ ಮೇಲೆ ‘ಇಂಥವರ ಸೇವಾರ್ಥ’ ಅಂತ ಬರೆದ ಹಾಗಾಯಿತು. ಬುಗುರಿ ಬಿಲ್ಲೆ ಇರುವ ಕಡೆ ಆ ಪಟ್ಟಿ ಯಾಕೆ?

ದೊಡ್ಡ ದೂರು ಪಝಲ್‌ನದ್ದು. ಕರ್ನಾಟಕದ ಜಿಲ್ಲೆಗಳ ನಕ್ಷೆ ಜೋಡಿಸುವ ಡಬ್ಬಿ ತಂದಿದ್ದೆವು. ಮೇಲೆ 30 ತುಂಡು ಅಂತ ಇದೆ, ಅಂದರೆ 2021ರಲ್ಲಿ ವಿಜಯನಗರ ಜಿಲ್ಲೆ ಆಗುವುದಕ್ಕಿಂತ ಮೊದಲಿನದ್ದು. ಮನೆಗೆ ಬಂದು ಎಣಿಸಿದರೆ 29. ಇಲ್ಲದ್ದು ಯಾವುದು ಅಂದರೆ, ಉತ್ತರ ಕನ್ನಡ! ಬೆಳಗಾವಿಗೂ ಉಡುಪಿಗೂ ನಡುವೆ ಬರೀ ತೂತು. ವಾಪಸ್ ಕೊಡುವಾಗ ಎಣಿಸಿದ ಹುಡುಗ ‘ಒಂದು ಕಮ್ಮಿ ಇದೆ ಸರ್, ಐವತ್ತು ರೂಪಾಯಿ’ ಅಂದ. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಕ್ಕೋರು ರಿಜಿಸ್ಟರ್ ತೆಗೆದು ಹಿಂದಿನವರು ವಾಪಸ್ ಕೊಟ್ಟಾಗಲೂ 29 ಇದ್ದದ್ದನ್ನು ತೋರಿಸಿದರು, ದಂಡ ಬಿಟ್ಟರು. ಆದರೂ ಹೇಳುತ್ತೇನೆ, ತೆಗೆದುಕೊಳ್ಳುವಾಗ ಎಣಿಸುವವರು ಕೊಡುವಾಗಲೂ ಎಣಿಸಬೇಕು. ನಿಮ್ಮ ಮಕ್ಕಳಿಗೆ ಪಝಲ್ ತರುವುದಾದರೆ ಅಲ್ಲೇ ಜಗಲಿಯಲ್ಲಿ ಕೂತು ಎಣಿಸಿ. ಉತ್ತರ ಕನ್ನಡವನ್ನು ಅಕ್ಕೋರು ರಟ್ಟಿನಲ್ಲಿ ಕತ್ತರಿಸಿ ಮಾಡಿದ್ದಾರೆ. ಕಾರವಾರದ ಮೂಲೆ ಸ್ವಲ್ಪ ಉದ್ದ ಬಂದು ಗೋವಾದೊಳಗೆ ಹೋಗಿದೆ.

ಇಷ್ಟೆಲ್ಲ ಇದ್ದೂ ನಾನು ಚಂದಾ ಕಟ್ಟುತ್ತಿರುವುದು ಒಂದು ಕಾರ್ಡಿಗಾಗಿ. ಪ್ರತಿ ಆಟಿಕೆಯ ಜೊತೆ ಒಂದು ರಟ್ಟಿನ ಕಾರ್ಡು. ತೆಗೆದುಕೊಂಡ ತಾರೀಕು, ಕೊಟ್ಟ ತಾರೀಕು. ಪಕ್ಕದಲ್ಲಿ ಒಂದು ಖಾಲಿ ಚೌಕ, ‘ಮುಂದಿನವರಿಗೆ’ ಅಂತ. ಆಡಿದ ಮಗು ಅಲ್ಲಿ ಏನಾದರೂ ಬರೆಯಬೇಕು. ಬರೆಯಲು ಬಾರದಿದ್ದರೆ ಚಿತ್ರ.

ಮಗಳು ಈಗ ಒಂದನೇ ಕ್ಲಾಸು. ಈ ಮಳೆಗಾಲದಲ್ಲಿ 47ನೇ ನಂಬರಿನ ಮರದ ರೋಡ್ ರೋಲರ್ ತಂದಳು. ಹಳದಿ ಬಣ್ಣ, ಮುಂದೆ ದಪ್ಪ ಗಾಲಿ. ಅದಕ್ಕೆ ರೋಲರ್ ಮಾವ ಅಂತ ಹೆಸರಿಟ್ಟಳು. ದೋಸೆ ಹಿಟ್ಟಿನ ಮೇಲೆ ಓಡಿಸಿ ಬೈಸಿಕೊಂಡಳು. ಹದಿನೈದು ದಿನವಾಯಿತು, ಇನ್ನೊಂದು ಮಗು ಕಾಯುತ್ತಿತ್ತು, ಹಾಗಾಗಿ ಮುಂದುವರಿಸಲೂ ಆಗಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ರೋಲರ್ ಮಾಯ. ಅರ್ಧ ಗಂಟೆ ಹುಡುಕಿದ ಮೇಲೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ದಾರಿಯುದ್ದಕ್ಕೂ ಅಳು.

ಅಕ್ಕೋರು ಹಂಚಿಕೊಳ್ಳಬೇಕು ಅಂತ ಪಾಠ ಮಾಡಲಿಲ್ಲ. ರೋಲರ್ ತೆಗೆದುಕೊಳ್ಳಲೂ ಇಲ್ಲ. ಕಾರ್ಡು, ಪೆನ್ಸಿಲ್ಲು ಮುಂದಿಟ್ಟರು.

‘ಇನ್ನು ಬರೋ ಮಗೂಗೆ ಇದನ್ನ ಹ್ಯಾಗೆ ಆಡೋದು ಅಂತ ಗೊತ್ತಿಲ್ಲ ಕೂಸೆ. ನಿಂಗೆ ಮಾತ್ರ ಗೊತ್ತು. ಬರೆದುಕೊಡ್ತೀಯಾ?’

ಮಗಳು ಮೂಗು ಒರೆಸಿಕೊಂಡಳು. ಹಿಂದಿನವರು ಬರೆದದ್ದನ್ನು ನನ್ನ ಕೈಲಿ ಓದಿಸಿದಳು. ‘ಮಣ್ಣಲ್ಲಿ ಚಲೋ ಓಡ್ತದೆ.’ ‘ಹಿಂದಿನ ಗಾಲಿ ನಮ್ಮ ಅಪ್ಪ ರಿಪೇರಿ ಮಾಡಿದ್ದು.’ ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕೂತು, ನಾಲಿಗೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ಬರೆದಳು. ಒತ್ತಕ್ಷರ ಕೇಳಿದಾಗಷ್ಟೇ ಹೇಳಿಕೊಟ್ಟೆ. ‘ಹಾರ್ನ್ ಇಲ್ಲ. ಬಾಯಲ್ಲಿ ಮಾಡಬೇಕು. ಜೋರಾಗಿ.’ ಬರೆದು ಮುಗಿಸಿ, ರೋಲರನ್ನು ತಾನೇ ಎತ್ತಿ ಕಪಾಟಿನಲ್ಲಿಟ್ಟಳು.

ತಿಂಗಳ ಮೇಲೆ ಇನ್ನೇನೋ ತರಲು ಹೋದಾಗ ಮೊದಲು ಓಡಿದ್ದು 47ರ ಹತ್ತಿರ. ಅವಳ ಸಾಲಿನ ಕೆಳಗೆ ಬೇರೆ ಯಾರದೋ ಸೊಟ್ಟ ಅಕ್ಷರ ಬಿದ್ದಿತ್ತು:

‘ಮಾಡಿದೆ. ಅಜ್ಜಿ ಬೈದರು.’